ಯುಎಸ್‌ಡಿಟಿ ಕಳಿಸೋಕೆ ಟಿಆರ್‌ಸಿ-20 ಸಾಕಾ?

ಪರ: ಪುಣೆಯ ಹಿಂಜವಡಿಯ ಸಾಫ್ಟ್‌ವೇರ್ ಹುಡುಗ

ಸಾಕು. ಇದರಲ್ಲಿ ಚರ್ಚೆ ಮಾಡೋದೇನಿದೆ? ಯುಎಸ್‌ಡಿಟಿ ಅಂದ್ರೆ ಡಾಲರ್ ಬೆಲೆಗೆ ಕಟ್ಟಿಹಾಕಿದ ಕ್ರಿಪ್ಟೋ ನಾಣ್ಯ, ಟಿಆರ್‌ಸಿ-20 ಅಂದ್ರೆ ಅದನ್ನು ಟ್ರಾನ್ ಅನ್ನೋ ಬ್ಲಾಕ್‌ಚೈನ್ ನೆಟ್‌ವರ್ಕ್ ಮೇಲೆ ಕಳಿಸೋ ಪದ್ಧತಿ.

ನಮ್ಮ ಫ್ಲ್ಯಾಟ್‌ನಲ್ಲಿರುವವರೆಲ್ಲ ಧಾರವಾಡ, ಬಾಗಲಕೋಟೆ ಕಡೆಯವರು. ಒಬ್ಬ ಹೊರದೇಶದವರಿಗೆ ಲೋಗೋ ಮಾಡಿಕೊಡುತ್ತಾನೆ. ಕೆಲಸಕ್ಕೆ 40-50 ಡಾಲರ್, ಅದೂ ಯುಎಸ್‌ಡಿಟಿಯಲ್ಲಿ. ಇಷ್ಟು ಸಣ್ಣ ದುಡ್ಡನ್ನು ಈಥೀರಿಯಂ ಅನ್ನೋ ಇನ್ನೊಂದು ನೆಟ್‌ವರ್ಕ್ ಮೇಲೆ, ಅಂದ್ರೆ ಇಆರ್‌ಸಿ-20ಯಲ್ಲಿ ತರಿಸಿಕೊಳ್ಳಬೇಕಾ? 2021ರ ಗ್ಯಾಸ್ ಶುಲ್ಕ (ಅಲ್ಲಿ ಕಳಿಸೋಕೆ ಕೊಡಬೇಕಾದ ದುಡ್ಡು) ಮರೆತುಹೋಯಿತಾ? ಕೆಲವು ದಿನ ಅರ್ಧ ಸಂಪಾದನೆ ಅದಕ್ಕೇ ಹೋಗುತ್ತಿತ್ತು. ಈಗ ಕಡಿಮೆಯಾಗಿದೆ ಅಂತಾರೆ. ಆಗಿರಬಹುದು, ಮಾರ್ಕೆಟ್ ಏರಿದ ದಿನ ನೋಡೋಣ.

ಟ್ರಾನ್‌ನಲ್ಲಿ 3 ಸೆಕೆಂಡಿಗೊಂದು ಬ್ಲಾಕ್ (ವಹಿವಾಟುಗಳ ಕಂತೆ), ಈಥೀರಿಯಂನಲ್ಲಿ 12 ಸೆಕೆಂಡಿಗೊಂದು. ಟಿಆರ್‌ಸಿ-20 ಬರೀ ಇಆರ್‌ಸಿ-20ಯ ನಕಲು ಅಂತ ಮೂಗು ಮುರಿಯುವವರಿದ್ದಾರೆ. ಹೌದು, ನಕಲೇ. 2015ರಲ್ಲಿ ಈಥೀರಿಯಂನ ಫೇಬಿಯನ್ ಫೋಗಲ್‌ಸ್ಟೆಲ್ಲರ್ ಮತ್ತು ವಿಟಾಲಿಕ್ ಬುಟೆರಿನ್ ಇಆರ್‌ಸಿ-20ಗೆ ಹಾಕಿಕೊಟ್ಟ ಟ್ರಾನ್ಸ್‌ಫರ್, ಅಪ್ರೂವ್‌ನಂಥ ಆಜ್ಞೆಗಳೆಲ್ಲ ಇಲ್ಲೂ ಹಾಗೇ ಇವೆ ಅಂದಮೇಲೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ಇನ್ನು ವಿಳಾಸ, ಅಂದ್ರೆ ದುಡ್ಡು ಕಳಿಸೋಕೆ ಬೇಕಾದ ಖಾತೆ ನಂಬರ್ ಥರದ್ದು. ಟ್ರಾನ್‌ನದ್ದು ‘ಟಿ’ಯಿಂದ ಶುರು, ಕಣ್ಣಿಗೆ ಬೀಳುತ್ತದೆ. ಈಥೀರಿಯಂದು ‘0ಎಕ್ಸ್’, ಬಿಎನ್‌ಬಿ ಚೈನ್ ಅನ್ನೋ ಮತ್ತೊಂದು ನೆಟ್‌ವರ್ಕಿನ ಬಿಇಪಿ-20ದ್ದೂ ‘0ಎಕ್ಸ್’. ನಮ್ಮ ಇನ್ನೊಬ್ಬ ರೂಮ್‌ಮೇಟ್ ಎಕ್ಸ್‌ಚೇಂಜ್ (ಕ್ರಿಪ್ಟೋ ಕೊಂಡು ಮಾರುವ ತಾಣ) ಕೊಟ್ಟ ಇಆರ್‌ಸಿ ವಿಳಾಸಕ್ಕೆ ಬಿಇಪಿಯಲ್ಲಿ ಕಳಿಸಿಬಿಟ್ಟ. ವಾಲೆಟ್ (ಕ್ರಿಪ್ಟೋ ಇಟ್ಟು ಕಳಿಸುವ ಆ್ಯಪ್) ತಕರಾರು ಮಾಡಲಿಲ್ಲ, ವಿಳಾಸ ಸರಿಯಾಗೇ ಇತ್ತಲ್ಲ! ಚೈನ್ ಮೇಲೆ, ಅಂದ್ರೆ ನೆಟ್‌ವರ್ಕಿನ ದಾಖಲೆಯಲ್ಲಿ, ದುಡ್ಡು ಕಾಣುತ್ತದೆ, ಎಕ್ಸ್‌ಚೇಂಜ್ ಖಾತೆಯಲ್ಲಿ ಸೊನ್ನೆ. ಮೇಲ್ ಮೇಲೆ ಮೇಲ್ ಹಾಕಿದ, ಆ ನೆಟ್‌ವರ್ಕ್ ನಮ್ಮಲ್ಲಿಲ್ಲ ಅಂತ ಅವರು ಕೈತೊಳೆದುಕೊಂಡರು. ಆ ತಿಂಗಳು ಅವನ ಪಾಲಿನ ಬಾಡಿಗೆ ನಾವೇ ಹಂಚಿಕೊಂಡು ಕಟ್ಟಿದೆವು, ಅದಿನ್ನೂ ವಾಪಸ್ ಬಂದಿಲ್ಲ (ಅವನು ಇದನ್ನು ಓದಲಿ). ‘ಟಿ’ ವಿಳಾಸದಲ್ಲಿ ಈ ಗೋಳಿಲ್ಲ.

ಟ್ರಾನ್‌ನಲ್ಲಿ ಬ್ಲಾಕ್ ತಯಾರಿಸುವವರು ಬರೀ 27 ಮಂದಿಯಂತೆ, ನೆಟ್‌ವರ್ಕ್ ಅಷ್ಟೇ ಜನರ ಕೈಯಲ್ಲಿದೆ ಅಂತ ಭಯವಂತೆ. ಭಯ ಇರುವವರು ದುಡ್ಡನ್ನು ಹಾಸಿಗೆ ಕೆಳಗೆ ಇಟ್ಟುಕೊಳ್ಳಲಿ.

ವಿರೋಧ: ಕೋಥರೂಡ್‌ನ ಅಕೌಂಟೆಂಟ್

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. 50 ಡಾಲರ್ ಕಳಿಸುವವರನ್ನು ತಡೆಯುವ ಉತ್ಸಾಹ ನನಗೇನೂ ಇಲ್ಲ. ಆದರೆ ‘ಸಾಕು’ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು.

ಟ್ರಾನ್‌ನಲ್ಲಿ ಶುಲ್ಕ ‘ಎನರ್ಜಿ’ ಅನ್ನುವ ಯೂನಿಟ್‌ಗಳ ಲೆಕ್ಕ. ಮೊದಲೇ ಯುಎಸ್‌ಡಿಟಿ ಇರುವ ವಿಳಾಸಕ್ಕೆ ಕಳಿಸಿದರೆ ಸುಮಾರು 65,000, ಯುಎಸ್‌ಡಿಟಿ ಇಲ್ಲದ ವಿಳಾಸಕ್ಕಾದರೆ ಅದರ ಎರಡರಷ್ಟು. ಟ್ರಾನ್‌ನ ಸ್ವಂತ ನಾಣ್ಯವಾದ ಟಿಆರ್‌ಎಕ್ಸ್ ಅನ್ನು ಸ್ಟೇಕ್ ಮಾಡಿ (ಒತ್ತೆ ಇಟ್ಟ ಹಾಗೆ) ಎನರ್ಜಿ ಕೂಡಿಸಿಟ್ಟಿಲ್ಲದವರು ಶುಲ್ಕಕ್ಕೆ ಟಿಆರ್‌ಎಕ್ಸ್ ಸುಡಬೇಕು. ಅದೂ ಇಲ್ಲವೆಂದರೆ ಸಾಮಾನ್ಯ ವಾಲೆಟ್‌ನಲ್ಲಿ ಯುಎಸ್‌ಡಿಟಿ ಎಷ್ಟಿದ್ದರೂ ಅಲ್ಲಾಡುವುದಿಲ್ಲ. (ಈಥೀರಿಯಂನಲ್ಲೂ ಅದರ ನಾಣ್ಯ ಈಥರ್ ಬೇಕು ಅನ್ನಿ. ನನ್ನನ್ನು ಕೇಳಿದ್ದು ಟ್ರಾನ್ ಬಗ್ಗೆ.)

ಮೋಸಗಾರರಿಗೆ ಇದೇ ಬಂಡವಾಳ. ಯುಎಸ್‌ಡಿಟಿ ಇರುವ ವಾಲೆಟ್‌ನ ಸೀಡ್ ಪದಗಳನ್ನು (ವಾಲೆಟ್ ತೆರೆಯುವ ಗುಟ್ಟಿನ ಪದಗಳು) ಏನೂ ಗೊತ್ತಿಲ್ಲದವರ ಹಾಗೆ ಎಲ್ಲರೆದುರು ಹಾಕುತ್ತಾರೆ, ಆಸೆಬುರುಕನೊಬ್ಬ ಶುಲ್ಕಕ್ಕೆಂದು ಅದಕ್ಕೆ ಟಿಆರ್‌ಎಕ್ಸ್ ಹಾಕುತ್ತಾನೆ, ಆಮೇಲೆ ನೋಡಿದರೆ ದುಡ್ಡು ತೆಗೆಯೋಕೆ ಮೋಸಗಾರರ ಹತ್ತಿರವೇ ಇರುವ ಇನ್ನೊಂದು ಡಿಜಿಟಲ್ ಕೀಲಿಯ ಸಹಿ ಬೇಕು. ಹಾಕಿದ್ದೂ ಹೋಯಿತು.

‘ಟಿ’ ಕಣ್ಣಿಗೆ ಬೀಳುತ್ತದಂತೆ. ಮೋಸಗಾರರಿಗೂ ಬೀಳುತ್ತದೆ. ನೀವು ಕಳಿಸುವ ವಿಳಾಸದ ಹಾಗೇ ಕೊನೆಯ ಅಕ್ಷರಗಳಿರುವ ಒಂದು ವಿಳಾಸ ತಯಾರಿಸಿ, ಅದರಿಂದ ಚಿಲ್ಲರೆ ಯುಎಸ್‌ಡಿಟಿ ಹಾಕಿ, ಸುಮ್ನೆ ನಿಮ್ಮ ಹಿಸ್ಟರಿಯಲ್ಲಿ ಕೂರುತ್ತಾರೆ. ಅಲ್ಲಿಂದ ಕಾಪಿ ಮಾಡಿದಿರೋ, ಮುಗಿಯಿತು. ಕಡಿಮೆ ಶುಲ್ಕ ಅವರಿಗೂ ಕಡಿಮೆಯೇ ಅಲ್ವಾ?

ಸರ್ಕಲ್ ಕಂಪನಿ 2024ರ ಫೆಬ್ರವರಿಯಲ್ಲಿ ಟ್ರಾನ್ ಮೇಲೆ ಯುಎಸ್‌ಡಿಸಿ (ಯುಎಸ್‌ಡಿಟಿಯಂಥದ್ದೇ ಅವರ ಡಾಲರ್ ನಾಣ್ಯ) ಹೊಸದಾಗಿ ಕೊಡುವುದನ್ನೇ ನಿಲ್ಲಿಸಿತು. ಇದರ ಬಗ್ಗೆ ಮೇಲಿನವರು ಬಾಯಿ ಬಿಟ್ಟಿಲ್ಲ.

ನನ್ನ ಹತ್ತಿರ ಬರುವವರು ಇದ್ಯಾವುದನ್ನೂ ಕೇಳುವುದಿಲ್ಲ ಬಿಡಿ. ‘ಸರ್, ಟ್ರಾನ್‌ನಲ್ಲಿ ಬಂದರೆ ಟ್ಯಾಕ್ಸ್‌ನವರಿಗೆ ಕಾಣುತ್ತಾ?’ ಅಂತಾರೆ. ನೆಟ್‌ವರ್ಕ್ ಯಾವುದಾದರೂ ಮಾರಿದ ಲಾಭದ ಮೇಲೆ 30%, 2022ರ ಜುಲೈನಿಂದ 1% ಟಿಡಿಎಸ್ ಬೇರೆ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವ ಹಾಗಿಲ್ಲ, ಅಂದ್ರೆ ನೀವು ಕೊಟ್ಟ ನೆಟ್‌ವರ್ಕ್ ಶುಲ್ಕವೂ ನಿಮ್ಮ ಜೇಬಿನದ್ದೇ. ಹಾಗೆ ನೋಡಿದರೆ ಇದು ಕಡಿಮೆ ಶುಲ್ಕದ ಪರವಾದ ಮಾತೇ ಆಯಿತು. ಇರಲಿ. ಲಕ್ಷಗಟ್ಟಲೆ ಕಳಿಸುವುದಿದ್ದರೆ ಇಆರ್‌ಸಿ-20ಯಲ್ಲೇ ಕಳಿಸಿ, ಅದಕ್ಕೂ ಮೊದಲು ಹತ್ತು ಡಾಲರ್ ಹಾಕಿ ನೋಡಿ.