ಶಿಲೆಯ ಮೇಲಿನ ನೂರೆಂಟನೆಯ ಹೆಸರು

ಮೊದಲೇ ಹೇಳಿಬಿಡುತ್ತೇನೆ: ‘ಸುಯಿಕೋಡೆನ್ 2’ ಗೇಮ್‌ನ ಕಥೆಯ ಮುಖ್ಯ ತಿರುವುಗಳೆಲ್ಲ ಈ ಬರಹದಲ್ಲಿ ಇವೆ. ಆಡಬೇಕೆಂದುಕೊಂಡವರು ಇಲ್ಲಿಗೇ ನಿಲ್ಲಿಸಿ, ಆಡಿ ಮುಗಿಸಿದ ಮೇಲೆ ಬನ್ನಿ.

ನಮ್ಮ ಕಚೇರಿಯಲ್ಲಿ ಇಪ್ಪತ್ಮೂರರ ಹುಡುಗನೊಬ್ಬನಿದ್ದಾನೆ. ವಿಡಿಯೊ ಗೇಮ್‌ಗಳ ಬಗ್ಗೆ ಚೆನ್ನಾಗಿ ತಿಳಿದವನು. ನಾನೇ ಬೆನ್ನುಬಿದ್ದು ಅವನಿಂದ ಈ ಗೇಮ್‌ನ ರೀಮಾಸ್ಟರ್, ಅಂದರೆ ಹಳೆಯದಕ್ಕೆ ಹೊಸ ಮೆರುಗು ಕೊಟ್ಟ ಆವೃತ್ತಿ, ಕೊಳ್ಳಿಸಿದ್ದೆ. ಆರು ಗಂಟೆ ಆಡಿ ಕೈಬಿಟ್ಟ. “ಸರ್, ಎಲ್ಲಿಗೆ ಹೋಗಬೇಕೆಂದು ನಕ್ಷೆಯಲ್ಲಿ ಒಂದು ಗುರುತೂ ಇಲ್ಲ. ಪಾತ್ರಗಳಿಗೆ ದನಿಯಿಲ್ಲ, ಎಲ್ಲವನ್ನೂ ಓದುತ್ತಲೇ ಇರಬೇಕು. ನಿಮಗಾದರೆ ಚಿಕ್ಕಂದಿನ ನೆನಪುಗಳಿವೆ, ನನಗೆ ಇದರಲ್ಲಿ ಏನಿದೆ?” ಎಂದು ಕೇಳಿದ. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ನಾಲ್ಕು ದಿನ ಅದನ್ನೇ ಯೋಚಿಸಿದ್ದೇನೆ. ನೆನಪನ್ನು ಕಳೆದರೆ ಏನಾದರೂ ಉಳಿಯುತ್ತದೆಯೇ?

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಕೊನಾಮಿ ಕಂಪನಿಯ ‘ಸುಯಿಕೋಡೆನ್’ 1995ರಲ್ಲಿ, ಅದರ ಎರಡನೆಯ ಭಾಗ 1998ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದವು. ಎರಡೂ ಮೊದಲ ಪ್ಲೇಸ್ಟೇಷನ್‌ಗಾಗಿ ಮಾಡಿದವು. ಎರಡನ್ನೂ ಬರೆದವರು ಯೋಶಿತಾಕಾ ಮುರಯಾಮಾ. ಎರಡನ್ನೂ ಒಟ್ಟಿಗೆ ಸೇರಿಸಿದ ರೀಮಾಸ್ಟರ್ 2025ರ ಮಾರ್ಚ್ 6ರಂದು ಬಂತು. ‘ಸುಯಿಕೋಡೆನ್’ ಎಂಬುದು ಲಿಯಾಂಗ್‌ಶಾನ್ ಜೌಗಿನ 108 ಬಂಡುಕೋರರ ಕಥೆ ಹೇಳುವ ಪ್ರಾಚೀನ ಚೀನೀ ಕಾದಂಬರಿಗೆ ಜಪಾನೀಯರು ಕರೆಯುವ ಹೆಸರು. ಗೇಮ್ ಆ ಕಥೆಯನ್ನು ತೆಗೆದುಕೊಂಡಿಲ್ಲ, ಆ ಸಂಖ್ಯೆಯನ್ನು ತೆಗೆದುಕೊಂಡಿದೆ. ಯುದ್ಧದಲ್ಲಿ ನೆಲೆ ಕಳೆದುಕೊಂಡ ಒಬ್ಬ ಹುಡುಗ, ಅವನ ಸುತ್ತ ಒಬ್ಬೊಬ್ಬರಾಗಿ ಸೇರುವ, ಗೇಮ್ ‘ನಕ್ಷತ್ರಗಳು’ ಎಂದು ಕರೆಯುವ 108 ಜೊತೆಗಾರರು. ನಮ್ಮ ಮಾತಿನಲ್ಲಿ ನೂರೆಂಟು ಎಂದರೆ ಲೆಕ್ಕವಿಲ್ಲದಷ್ಟು ಎಂದರ್ಥ. ಇಲ್ಲಿ ಮಾತ್ರ ಅಜ್ಜಿಯ ಜಪಮಾಲೆಯಂತೆ ಒಂದೊಂದು ಮಣಿಗೂ ಲೆಕ್ಕವಿದೆ.

ನಾನು ಇದನ್ನು ಮೊದಲು ಆಡಿದ್ದು 2003ರ ಮಳೆಗಾಲದಲ್ಲಿ, ಕುಂದಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ. ಮಸ್ಕತ್‌ನಲ್ಲಿದ್ದ ಮಾವ ತಾನು ಬಳಸಿ ಬಿಟ್ಟ ಪ್ಲೇಸ್ಟೇಷನ್ ತಂದುಕೊಟ್ಟಿದ್ದರು. ನಾನು ಏಳನೆಯ ತರಗತಿ, ಅಕ್ಕ ಎಸ್ಸೆಸ್ಸೆಲ್ಸಿ. ಇಬ್ಬರೂ ಕನ್ನಡ ಮಾಧ್ಯಮ. ಪರದೆಯ ಮೇಲಿನ ಇಂಗ್ಲಿಷ್ ನನಗೆ ಹತ್ತಕ್ಕೆ ಎರಡು ಪದವೂ ತಿಳಿಯುತ್ತಿರಲಿಲ್ಲ. ಅಕ್ಕ ಮಡಿಲಲ್ಲಿ ನಿಘಂಟು ಇಟ್ಟುಕೊಂಡು ಪ್ರತಿ ಮಾತನ್ನೂ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ದನಿ ಕೊಡುತ್ತಿದ್ದಳು. ನಾಯಕನಿಗೆ ಹೆಸರಿಡಲು ಗೇಮ್ ಕೇಳುತ್ತದೆ. ನನ್ನ ಹೆಸರು ಇಟ್ಟೆವು. ಕೋಟೆಗೂ ಹೆಸರು ಕೇಳುತ್ತದೆ. ನಮ್ಮ ಮನೆಯ ಹೆಸರು ಇಟ್ಟೆವು. ಕಥೆಯಲ್ಲಿ ನಾಯಕನಿಗೆ ನಾನಾಮಿ ಎಂಬ ಅಕ್ಕ ಇದ್ದಾಳೆ. ಇಬ್ಬರೂ ಅನಾಥರು, ಮುದುಕನೊಬ್ಬ ಸಾಕಿದ ಮಕ್ಕಳು. ನಾನಾಮಿಯ ಮಾತುಗಳನ್ನು ಓದುವಾಗ ಅಕ್ಕ ದನಿ ಬದಲಿಸುತ್ತಿರಲಿಲ್ಲ.

ಇದೆಲ್ಲ ನೆನಪಿನ ಪಾಲು. ಹುಡುಗನ ಪ್ರಶ್ನೆಗೆ ಇದು ಉತ್ತರವಲ್ಲ ಎಂಬುದು ನನಗೂ ಗೊತ್ತು. ಅದಕ್ಕಾಗಿಯೇ ಈ ಬಾರಿ ಬೇಕೆಂದೇ ಪರೀಕ್ಷಕನ ಕಣ್ಣಿನಿಂದ ಆಡಿದೆ.

ಮಾಸಿದ್ದೇನು ಎಂಬುದನ್ನು ಮೊದಲು ಹೇಳುತ್ತೇನೆ. ದೊಡ್ಡ ಸೈನ್ಯಗಳ ಯುದ್ಧಗಳು ಮಾಸಿವೆ. ಚೌಕಗಳ ಮೇಲೆ ಪಡೆಗಳನ್ನು ನಡೆಸಬೇಕು, ಆದರೆ ಬಹಳಷ್ಟು ಸಲ ಗೆಲುವು ಸೋಲು ಕಥೆಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಎರಡು ಮೂರು ಸರದಿ ಕಳೆದರೆ ಯಾರೋ ಬಂದು ಹಿಂದೆ ಸರಿಯಲು ಹೇಳುತ್ತಾರೆ. ಮೊದಲ ಭಾಗದಲ್ಲಿ ಪ್ರತಿ ಪಾತ್ರವೂ ತನ್ನ ಚೀಲವನ್ನು ತಾನೇ ಹೊರುವ ವ್ಯವಸ್ಥೆಯನ್ನು ರೀಮಾಸ್ಟರ್ ಹಾಗೆಯೇ ಬಿಟ್ಟಿದೆ; ಒಂದು ಔಷಧಿ ಯಾರ ಬಳಿ ಇದೆಯೆಂದು ಹುಡುಕುವುದೇ ಒಂದು ಕೆಲಸ. ಟಿಂಟೋ ಎಂಬ ಗಣಿಯೂರಿನ ಭಾಗ ಆಗಲೂ ಎಳೆದಂತೆ ಅನಿಸಿತ್ತು, ಈಗಲೂ ಅನಿಸಿತು. ಚಿತ್ರಗಳ ವಿಷಯದಲ್ಲಿಯೂ ನನಗೆ ತಕರಾರಿದೆ. ಹಿನ್ನೆಲೆಗಳನ್ನು ಹೊಸದಾಗಿ ಬರೆದಿದ್ದಾರೆ. ನೀರು ಹೊಳೆಯುತ್ತದೆ, ಮರಗಳಿಗೆ ನೆರಳಿದೆ, ಹೊಳೆ, ಗಾಳಿ, ಕೀಟಗಳ ಸದ್ದೂ ಸೇರಿದೆ. ಅದರ ಮೇಲೆ ನಡೆದಾಡುವ ಮನುಷ್ಯರು ಮಾತ್ರ ಹಳೆಯ ಪಿಕ್ಸೆಲ್‌ನವರೇ. ಮೊದಲ ಒಂದು ಗಂಟೆ ಅವರು ತಮ್ಮ ಊರಿನಲ್ಲೇ ನೆಂಟರಂತೆ ಕಂಡರು. ಆಮೇಲೆ ಕಣ್ಣು ಒಗ್ಗಿತು.

ಕಾದಾಟ ಮಾಸಿಲ್ಲ. ಎರಡು ಸಾಲುಗಳಲ್ಲಿ ಆರು ಜನ, ಹತ್ತು ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿಯುವ ಜಗಳಗಳು. ಈಗ ವೇಗ ಹೆಚ್ಚಿಸುವ ಗುಂಡಿಯೂ ಇದೆ, ತಾನೇ ಕಾದಾಡುವ ವ್ಯವಸ್ಥೆಯೂ ಇದೆ. ಆದರೆ ಜಾಣತನ ಮೂಲ ವಿನ್ಯಾಸದಲ್ಲೇ ಇತ್ತು: ಹಿಂದುಳಿದ ಪಾತ್ರವನ್ನು ತಂಡಕ್ಕೆ ಸೇರಿಸಿದರೆ ಕೆಲವೇ ಕಾದಾಟಗಳಲ್ಲಿ ಅವನು ಉಳಿದವರ ಮಟ್ಟಕ್ಕೆ ಬಂದುಬಿಡುತ್ತಾನೆ. ಹೀಗಾಗಿ ಯಾರನ್ನು ಬೇಕಾದರೂ ಜೊತೆಗೆ ಕರೆದುಕೊಂಡು ಹೋಗಬಹುದು. ಇಂದಿನ ಎಷ್ಟೋ ಗೇಮ್‌ಗಳು ಹೊಸಬನನ್ನು ಬಲಪಡಿಸಲು ಗಂಟೆಗಟ್ಟಲೆ ದುಡಿಸಿಕೊಳ್ಳುತ್ತವೆ. ಆಟಗಾರನ ಸಮಯಕ್ಕೆ ಇಷ್ಟು ಬೆಲೆ ಕೊಟ್ಟ ಗೇಮ್ 1998ರದ್ದು ಎಂಬುದನ್ನು ನಾನು ಆ ಹುಡುಗನಿಗೆ ತೋರಿಸಬೇಕಿತ್ತು.

ಇನ್ನು ಕಥೆ. ನಾಯಕ ಮತ್ತು ಅವನ ಗೆಳೆಯ ಜೋವಿ ಹೈಲ್ಯಾಂಡ್ ರಾಜ್ಯದ ಬಾಲಕರ ಪಡೆಯ ಸೈನಿಕರು. ಶಾಂತಿ ಒಪ್ಪಂದವಾಗಿದೆ, ನಾಳೆ ಮನೆಗೆ ಹೊರಡಬೇಕು. ಆ ರಾತ್ರಿಯೇ ಶಿಬಿರದ ಮೇಲೆ ದಾಳಿಯಾಗಿ ಹುಡುಗರೆಲ್ಲ ಸಾಯುತ್ತಾರೆ. ದಾಳಿ ಮಾಡಿಸಿದವನು ಶತ್ರುವಲ್ಲ. ಅವರದೇ ರಾಜಕುಮಾರ ಲೂಕಾ ಬ್ಲೈಟ್, ಯುದ್ಧ ಮುಂದುವರಿಸಲು ನೆಪ ಬೇಕಾಗಿ, ತನ್ನ ರಾಜ್ಯದ ಮಕ್ಕಳನ್ನೇ ಕೊಲ್ಲಿಸಿ ನೆರೆಯವರ ಮೇಲೆ ಹೊರಿಸಿದ್ದಾನೆ. ತಪ್ಪಿಸಿಕೊಂಡ ಗೆಳೆಯರು ಬಂಡೆಯೊಂದರ ಮೇಲೆ ಚಾಕುವಿನಿಂದ ಗುರುತು ಕೊರೆದು, ಬೇರೆಯಾದರೆ ಇಲ್ಲಿಯೇ ಸೇರೋಣ ಎಂದು ಮಾತು ಕೊಟ್ಟು ಜಲಪಾತಕ್ಕೆ ಧುಮುಕುತ್ತಾರೆ. ಆರಂಭದ ಇಪ್ಪತ್ತು ನಿಮಿಷಗಳಲ್ಲಿ ಇಷ್ಟೂ ಆಗಿಬಿಡುತ್ತದೆ. ಮುಂದಿನ ನಲವತ್ತು ಗಂಟೆಗಳಲ್ಲಿ ಆ ಇಬ್ಬರೂ, ಯುದ್ಧ ನಿಲ್ಲಬೇಕು ಎಂಬ ಒಂದೇ ಆಸೆಯಿಂದ, ಎದುರುಬದುರು ಸೈನ್ಯಗಳ ನಾಯಕರಾಗುತ್ತಾರೆ. ಜೋವಿ ಕೆಟ್ಟವನಾಗುವುದಿಲ್ಲ, ಕೊಲೆ ಮಾಡುತ್ತಾನೆ, ರಾಜನೂ ಆಗುತ್ತಾನೆ. ಹನ್ನೆರಡರ ವಯಸ್ಸಿನಲ್ಲಿ ನಾನು ಅವನನ್ನು ದ್ರೋಹಿ ಎಂದು ಬೈದಿದ್ದೆ. ಈಗ ಅವನ ಒಂದೊಂದು ಮಾತನ್ನೂ ಎರಡೆರಡು ಸಲ ಓದಿದೆ. ಹಿಂದಿನ ಸಂಭಾಷಣೆ ತೆರೆದು ನೋಡುವ ಸೌಲಭ್ಯ ರೀಮಾಸ್ಟರ್‌ನಲ್ಲಿದೆ. ನಾನು ಅತಿ ಹೆಚ್ಚು ಬಳಸಿದ್ದು ಅದನ್ನೇ.

ಲೂಕಾನ ಸಾವಿನ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಊರಿಗೆ ಊರನ್ನೇ ಸುಟ್ಟವನು. ಶರಣಾದ ಹೆಂಗಸಿಗೆ ಹಂದಿಯಂತೆ ನಟಿಸಲು ಹೇಳಿ, ಅವಳು ಜೀವದಾಸೆಗೆ ಹಾಗೆಯೇ ಮಾಡಿದ ಮೇಲೆ ಕೊಂದವನು. ಅವನ ಮೇಲೆ ಆರು ಜನರ ಮೂರು ತಂಡಗಳು ಒಂದರ ಹಿಂದೊಂದು ಬೀಳುತ್ತವೆ. ಹದಿನೆಂಟು ಜನ. ಅಷ್ಟಾದರೂ ಬೀಳುವುದಿಲ್ಲ. ಕತ್ತಲಲ್ಲಿ ಮರಕ್ಕೆ ತೂಗುಹಾಕಿದ ಒಂದು ಮರದ ತಾಯಿತ ಕಾಣುತ್ತದೆ. ಅವನು ತೆರೆದಾಗ ಒಳಗಿಂದ ಮಿಂಚುಹುಳುಗಳು ಹಾರುತ್ತವೆ, ಆ ಬೆಳಕನ್ನೇ ಗುರಿಯಾಗಿಸಿ ಬಾಣಗಳು ಬರುತ್ತವೆ. ಅದರ ಮೇಲೂ ನಾಯಕನೊಡನೆ ದ್ವಂದ್ವಯುದ್ಧ. ಅಂದು ನಾನು ಕುಣಿಯುತ್ತಿದ್ದರೆ ಅಕ್ಕ ಸುಮ್ಮನೆ ಕುಳಿತಿದ್ದಳು. “ಅಭಿಮನ್ಯುವಿಗೆ ಮಾಡಿದ ಹಾಗೆಯೇ ಮಾಡಿದರಲ್ಲ” ಎಂದಳು. ನನಗೆ ಸಿಟ್ಟು ಬಂದಿತ್ತು. ಇಂಥ ರಾಕ್ಷಸನನ್ನು ಅಭಿಮನ್ಯುವಿಗೆ ಹೋಲಿಸುವುದೇ? ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ದೃಶ್ಯ ಆಡುವಾಗ ಅವಳ ಮಾತು ಸರಿ ಎನಿಸಿತು. ಅವನು ಸಾಯಲೇಬೇಕಾದವನು, ಆದರೂ ಒಬ್ಬನ ಮೇಲೆ ನೂರಾರು ಜನ ಬಿದ್ದ ಆ ರೀತಿ ಗೆದ್ದವರ ಮೈಗೂ ಮೆತ್ತಿಕೊಳ್ಳುತ್ತದೆ. ಕಥೆಯ ಆರಂಭದಲ್ಲಿ ಪಿಲಿಕಾ ಎಂಬ ಪುಟ್ಟ ಹುಡುಗಿ ಅಪ್ಪನಿಗೆ ಕೊಡಲೆಂದು ಬಯಸಿದ್ದೂ ಅಂಥದೇ ಮರದ ತಾಯಿತ. ಅವಳ ಊರನ್ನು ಸುಟ್ಟವನೂ ಲೂಕಾನೇ. ಗೇಮ್ ಇದನ್ನು ಎತ್ತಿ ತೋರಿಸುವುದಿಲ್ಲ. ಬೆರಳಿನಷ್ಟು ಎತ್ತರದ ಪಿಕ್ಸೆಲ್ ಗೊಂಬೆಗಳಿಂದ ಇಷ್ಟು ಹೇಳಿಸಿದ ಮೇಲೆ ದನಿಯ ಕೊರತೆಯ ಮಾತು ನನಗೆ ಕೇಳಿಸುವುದಿಲ್ಲ. ಮಿಕಿ ಹಿಗಾಶಿನೋ ಅವರ ಸಂಗೀತ ಅಲ್ಲಿ ಮಾತಿನ ಕೆಲಸವನ್ನೂ ಮಾಡುತ್ತದೆ. ಹಳೆಯ ಇಂಗ್ಲಿಷ್ ಆವೃತ್ತಿಯಲ್ಲಿ ದೋಷದಿಂದಾಗಿ ಕೆಲವು ಕಡೆ ಸಂಗೀತವೇ ಕೇಳುತ್ತಿರಲಿಲ್ಲ.

ಆದರೂ ನನ್ನ ನಿಜವಾದ ಉತ್ತರ ಕೋಟೆಯಲ್ಲಿದೆ. ಸರೋವರದ ದಡದ ಪಾಳು ಕಟ್ಟಡ ಅದು. ಜನ ಸೇರಿದಂತೆ ಬೆಳೆಯುತ್ತದೆ. ಅಡುಗೆಯವನು ಬಂದರೆ ಊಟದ ಮನೆ, ಸ್ನಾನದ ಮನೆ ಕಟ್ಟುವವನು ಬಂದರೆ ಸ್ನಾನದ ಮನೆ, ರೈತ ಬಂದರೆ ಹೊಲ. ಕೆಂಪು ಹೊದಿಕೆಯ ಹಾರುವ ಅಳಿಲೂ ನೂರೆಂಟರಲ್ಲಿ ಒಂದು. ಯಾರೂ ಸುಮ್ಮನೆ ಬರುವುದಿಲ್ಲ. ಮುಂದೆ ಯುದ್ಧತಂತ್ರ ಹೆಣೆಯಬೇಕಾದ ಶೂ ಎಂಬವನು ನದಿಗೆ ಒಂದು ನಾಣ್ಯ ಎಸೆದು, ಹುಡುಕಿ ತನ್ನಿ ಎನ್ನುತ್ತಾನೆ. ಒಬ್ಬರು ಯಾವುದೋ ಊರಿನ ಮೂಲೆಯಲ್ಲಿ ನಿಂತಿರುತ್ತಾರೆ, ಇನ್ನೊಬ್ಬರು ತಂಡದಲ್ಲಿ ಯಾರಿದ್ದಾರೆ ಎಂದು ನೋಡಿ ಒಪ್ಪುತ್ತಾರೆ. ನಕ್ಷೆಯಲ್ಲಿ ಗುರುತಿಲ್ಲ ಎಂದು ಹುಡುಗ ದೂರಿದನಲ್ಲ, ಗುರುತಿದ್ದರೆ ಈ ಗೇಮ್ ಸತ್ತೇ ಹೋಗುತ್ತಿತ್ತು. ಊರೂರು ತಿರುಗಿ, ಕಂಡವರನ್ನೆಲ್ಲ ಮಾತನಾಡಿಸಿ, ಕೆಲಸ ಕೇಳಿ ಮಾಡಿಕೊಟ್ಟು ಜನರನ್ನು ಸಂಪಾದಿಸುವುದು ಇಲ್ಲಿ ಕಥೆಯ ನಡುವಿನ ಬಿಡುವಿನ ಕೆಲಸವಲ್ಲ, ಅದೇ ಗೇಮ್. ಬಾಣದ ಗುರುತು ಹಿಡಿದು ಹೋಗಿ ಕರೆತಂದವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಸೇರಿದವರ ಹೆಸರುಗಳು ಕೋಟೆಯ ಕಲ್ಲಿನ ಶಿಲೆಯ ಮೇಲೆ ಮೂಡುತ್ತವೆ. 2003ರಲ್ಲಿ ನಮ್ಮ ಶಿಲೆಯ ಮೇಲೆ 107 ಹೆಸರುಗಳಿದ್ದವು, ಒಂದು ಜಾಗ ಖಾಲಿ. ಅದರಿಂದ ಏನಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಟಿಂಟೋದಲ್ಲಿ ಒಂದು ರಾತ್ರಿ ನಾನಾಮಿ ತಮ್ಮನ ಬಳಿ ಬಂದು, ಈ ಯುದ್ಧ ನಮಗೇಕೆ, ಎಲ್ಲಿಗಾದರೂ ಓಡಿಹೋಗೋಣ ಎಂದು ಕೇಳುತ್ತಾಳೆ. ಹೌದು ಎನ್ನಬಹುದು, ಇಲ್ಲ ಎನ್ನಬಹುದು. “ಹೌದು ಎನ್ನು” ಎಂದಳು ಅಕ್ಕ. ಸೇನಾಪತಿ ಓಡಿಹೋಗುವುದುಂಟೇ ಎಂದು ನಾನು ಇಲ್ಲ ಒತ್ತಿದೆ. ಕೆಲವು ದಿನಗಳ ನಂತರ ರಾಕ್ಸ್‌ಆ್ಯಕ್ಸ್ ಕೋಟೆಯಲ್ಲಿ ಬಾಣಗಳಿಗೆ ಅಡ್ಡ ನಿಂತು ನಾನಾಮಿ ಬಿದ್ದಳು. ಅಕ್ಕ ಕೊನೆಯ ಸಾಲನ್ನು ಓದಲಿಲ್ಲ. ನಿಘಂಟು ಮುಚ್ಚಿ ಎದ್ದು ಅಡುಗೆಮನೆಗೆ ಹೋದಳು. ಉಳಿದ ಭಾಗವನ್ನು ನಾನೊಬ್ಬನೇ, ಅರ್ಧಂಬರ್ಧ ತಿಳಿದುಕೊಂಡು ಮುಗಿಸಿದೆ. ರಾಕ್ಸ್‌ಆ್ಯಕ್ಸ್‌ಗೆ ಹೋಗುವ ಮೊದಲೇ 108 ಜನರೂ ಸೇರಿದ್ದರೆ ಅವಳು ಬದುಕುವ ದಾರಿಯಿದೆ ಎಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅಕ್ಕನಿಗೆ ಹೇಳಿರಲಿಲ್ಲ.

ಇಷ್ಟು ದೊಡ್ಡ ವಿಷಯವನ್ನು ಆಟಗಾರನಿಂದ ಮುಚ್ಚಿಡುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲ. ಆದರೂ ರೀಮಾಸ್ಟರ್ ಮಾಡಿದವರು ಅದನ್ನು ತಿದ್ದದೆ ಬಿಟ್ಟದ್ದಕ್ಕೆ ನಾನು ಋಣಿ. ಒಬ್ಬನನ್ನು ಮಾತನಾಡಿಸದೆ ದಾಟಿ ಹೋದದ್ದಕ್ಕೆ ಮನೆಯವಳನ್ನೇ ಕಳೆದುಕೊಳ್ಳುವ ಕಥೆ ಇದು, ಸೂಚನೆ ಕೊಟ್ಟು ಹೇಳಿದ್ದರೆ ಅದು ಬರೀ ಲೆಕ್ಕವಾಗುತ್ತಿತ್ತು. ಅವರು ಸೇರಿಸಿದ ಅನುಕೂಲಗಳನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಮೊದಲ ಭಾಗದಲ್ಲಿ ಓಡಲು ಈಗ ರೂನ್ ಎಂಬ ಮಾಂತ್ರಿಕ ಶಕ್ತಿಯನ್ನು ಹುಡುಕಬೇಕಾಗಿಲ್ಲ. ಆಗಾಗ ಗೇಮ್ ತಾನೇ ಸೇವ್ ಆಗುತ್ತದೆ. ಆಷಾಢದ ಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ, ಒಂದೂವರೆ ಗಂಟೆಯ ಆಟ ಕಳೆದುಕೊಂಡು ಕಪ್ಪು ಟಿವಿಯ ಮುಂದೆ ಕುಳಿತವರಿಗೆ ಅದರ ಬೆಲೆ ಗೊತ್ತು.

ಮುರಯಾಮಾ ಈ ರೀಮಾಸ್ಟರ್ ನೋಡಲಿಲ್ಲ. 2024ರ ಫೆಬ್ರವರಿ 6ರಂದು, 55ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಭಿಮಾನಿಗಳ ದೇಣಿಗೆಯಿಂದ ಮತ್ತೆ ನೂರು ಜನ ವೀರರ ಹೊಸ ಗೇಮ್ ಒಂದನ್ನು ಕಟ್ಟುತ್ತಿದ್ದರು. ಅದು ಬಂದದ್ದು ಅವರು ಹೋದ ಎರಡು ತಿಂಗಳ ಮೇಲೆ. ‘ಸುಯಿಕೋಡೆನ್ 2’ ಬಂದಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಆ ವಯಸ್ಸಿಗೆ ಜೋವಿಯಂಥವನನ್ನು ಬರೆದರಲ್ಲ ಎಂದು ಈ ಬಾರಿ ಹಲವು ಸಲ ಅಂದುಕೊಂಡೆ.

ಹುಡುಗನಿಗೆ ಇವತ್ತು ಬೆಳಿಗ್ಗೆ ಹೇಳಿದೆ: ಕೋಟೆ ಸಿಗುವವರೆಗೆ ಆಡು, ಆಮೇಲೂ ಬೇಡವೆನಿಸಿದರೆ ನಿನ್ನ ದುಡ್ಡು ನಾನು ಕೊಡುತ್ತೇನೆ. ಒಪ್ಪಿದ್ದಾನೆ.

ನಾನು ರಾಕ್ಸ್‌ಆ್ಯಕ್ಸ್ ಬಾಗಿಲಿನ ಮುಂದೆ ನಿಲ್ಲಿಸಿದ್ದೇನೆ. ಮುಂದಿನ ವಾರ ನಾಗರಪಂಚಮಿ, ಅಕ್ಕ ಪುತ್ತೂರಿನಿಂದ ಮನೆಗೆ ಬರುತ್ತಾಳೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವ ತಂತಿ ತಂದಿಟ್ಟಿದ್ದೇನೆ. ಹಳೆಯ ನಿಘಂಟು ಅಟ್ಟದಲ್ಲಿ ಸಿಕ್ಕಿತು, ಮುಖಪುಟ ಹೋಗಿದೆ. ಶಿಲೆಯ ಮೇಲೆ ಈ ಬಾರಿ ಖಾಲಿ ಜಾಗವಿಲ್ಲ. ಅವಳಿಗೆ ಇನ್ನೂ ಏನೂ ಹೇಳಿಲ್ಲ.