ಗುಡುಗಿದರೆ ತೆಗೆಯುವುದು

ಭರಣಿ ಮಳೆಯ ಹೊತ್ತಲ್ಲಿ ತೀರ್ಥಹಳ್ಳಿಗೆ ಹೋಗಿ ಸರ್ವರ್ ಹಾಕುತ್ತೇನೆ ಅಂತ ಹೊರಟ ಬುದ್ಧಿವಂತ ನಾನೊಬ್ಬನೇ ಇರಬೇಕು. ಭಾನುವಾರದ ಕತೆ ಇದು, ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ದೊಡ್ಡಪ್ಪನದು ಅಲ್ಲಿ ಅಡಿಕೆ ಮಂಡಿ. ಮುಂದೆ ಮಂಡಿ, ಹಿಂದೆ ಮನೆ. ಮಂಡಿಯಲ್ಲಿ ಮೂರು ಕಂಪ್ಯೂಟರು. ಒಂದರಲ್ಲಿ ರಾಶಿ ಅಡಿಕೆಯ ಲೆಕ್ಕ, ಇನ್ನೊಂದರಲ್ಲಿ ಬೆಟ್ಟೆ, ಸರಕು, ಗೊರಬಲು, ಮೂರನೆಯದರಲ್ಲಿ ಗುಮಾಸ್ತರು ಇಸ್ಪೀಟು ಆಡುತ್ತಾರೆ. ಸಂಜೆ ಅಷ್ಟೂ ಲೆಕ್ಕ ಒಂದು ಪೆನ್‌ಡ್ರೈವಿಗೆ ಇಳಿದು ದೊಡ್ಡಪ್ಪನ ಜೇಬು ಸೇರುತ್ತದೆ. ಅಲ್ಲಿ ಅದಕ್ಕೆ ಸುಣ್ಣದ ಡಬ್ಬಿಯ ಸಹವಾಸ. ಒಂದು ದಿನ ಪೆನ್‌ಡ್ರೈವಿನ ಬಾಯಿಗೆ ಸುಣ್ಣ ಮೆತ್ತಿಕೊಂಡು ಲೆಕ್ಕ ಈಚೆ ಬರಲೇ ಇಲ್ಲ. ಆವತ್ತೇ ನಾನು ಬಾಯಿತಪ್ಪಿ, "ಆ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಸರ್ವರ್ ಹಾಕೋಣ, ಎಲ್ಲಾ ಲೆಕ್ಕ ಒಂದೇ ಕಡೆ ಇರುತ್ತೆ, ದುಡ್ಡು ಕೊಡೋದು ಬೇಡ" ಅಂದಿದ್ದು. ಕೊನೆಯ ಮೂರು ಶಬ್ದ ಮಾತ್ರ ದೊಡ್ಡಪ್ಪನ ಕಿವಿಗೆ ಬಿದ್ದವು.

ಸಕ್ರೆಬೈಲು, ಮಂಡಗದ್ದೆ ದಾಟಿ ಬಸ್ಸು ತೀರ್ಥಹಳ್ಳಿ ಮುಟ್ಟುವಾಗ ಮಧ್ಯಾಹ್ನ. ಊಟ ಮುಗಿಸಿ, ಉಬುಂಟು 24.04 ತುಂಬಿಸಿದ ಪೆನ್‌ಡ್ರೈವ್ ಚುಚ್ಚಿ ಕೂತೆ. (ಇದು ನನ್ನದು, ಸುಣ್ಣ ಇರಲಿಲ್ಲ.) ಭಾಷೆ, ಕೀಬೋರ್ಡ್ ಎಲ್ಲ ಸಲೀಸಾಗಿ ಕಳೆಯಿತು. ಆಮೇಲೆ ನೆಟ್‌ವರ್ಕಿನ ಪುಟ. ಹಿಂದೆಲ್ಲ ನೆಟ್‌ವರ್ಕ್ ಕಾರ್ಡಿಗೆ ಈಥ್0 ಅಂತ ಮುದ್ದಾದ ಹೆಸರಿತ್ತು. ಈಗ ಇಎನ್‌ಪಿ3ಎಸ್0. ಎತರ್ನೆಟ್ಟು, ಮೂರನೇ ಬಸ್ಸು (ಕಂಪ್ಯೂಟರಿನೊಳಗೆ ಮಾಹಿತಿ ಓಡಾಡುವ ದಾರಿ), ಸೊನ್ನೆಯ ಸ್ಲಾಟು ಅಂತ ಅರ್ಥ. ಸೀಟು ರಿಸರ್ವ್ ಮಾಡಿಸಿದ ಹಾಗಿದೆ.

ಸೀಟು ಇತ್ತು, ವಿಳಾಸ ಇರಲಿಲ್ಲ. ಮಾಮೂಲಾಗಿ ವಿಳಾಸ ಕೊಡುವುದು ಮೋಡೆಮ್ಮಿನ ಡಿಎಚ್‌ಸಿಪಿ. ಮದುವೆಮನೆಯಲ್ಲಿ ಪಂಕ್ತಿಯ ತುದಿಗೆ ಒಬ್ಬರು ನಿಂತು "ಬನ್ನಿ, ನೀವು ಇಲ್ಲಿ ಕೂರಿ" ಅಂತ ಎಲೆ ತೋರಿಸುತ್ತಾರಲ್ಲ, ಅದೇ ಕೆಲಸ. ಅವತ್ತು ಯಾರೂ ಬಂದು ಎಲೆ ತೋರಿಸಲಿಲ್ಲ. ಯುಪಿಎಸ್ ಮೇಲಿದ್ದ ನೆಟ್‌ವರ್ಕ್ ಸ್ವಿಚ್ಚಿನ ಹಸಿರು ದೀಪವೇನೋ ಮಿಣಮಿಣ ಅನ್ನುತ್ತಿತ್ತು. ಕೇಬಲ್ ಸರಿ ಇದೆ ಅಂದಮೇಲೆ ಇನ್ನೇನು, ಕರೆಯುವವರಿಲ್ಲದಿದ್ದರೆ ನಾವೇ ಹೋಗಿ ಕೂರೋಣ ಅಂತ ಮ್ಯಾನುಯಲ್ ಆರಿಸಿದೆ.

ಸಬ್‌ನೆಟ್ ಅನ್ನುವ ಖಾನೆ ಬಂತು. ಬೆರಳು ತನ್ನಷ್ಟಕ್ಕೇ 255.255.255.0 ಅಂತ ಒತ್ತಿತು. ಹಾಗಲ್ಲ, ಓರೆಗೆರೆ ಹಾಕಿ ಬರಿ ಅಂದಿತು ಇನ್‌ಸ್ಟಾಲರ್. 192.168.1.50/24 ಅಂತ ಬರೆದೆ. ಅದೂ ಅಲ್ಲವಂತೆ. ಇಲ್ಲಿ ಕೇಳಿದ್ದು ಕೇರಿಯ ಹೆಸರು, ಮನೆ ನಂಬರು ಮುಂದಿನ ಖಾನೆಗೆ. ಸರಿ ಮಹಾರಾಯ, 192.168.1.0/24. ಇನ್ನೂರ ಐವತ್ನಾಲ್ಕು ಮನೆ ಹಿಡಿಯುವ ಕೇರಿಯಲ್ಲಿ ಐವತ್ತನೇ ಮನೆ ನನ್ನದು, ಕೇರಿಯಿಂದ ಹೊರಹೋಗುವ ಗೇಟ್‌ವೇ 192.168.1.1. ಆ ಗೇಟು ನಿಜವಾಗಿ ಇದೆಯೋ ಇಲ್ಲವೋ ಅಂತ ಇನ್‌ಸ್ಟಾಲರ್ ಕೇಳಲೇ ಇಲ್ಲ. ಅಷ್ಟು ಹೊತ್ತು ಚುಕ್ಕಿ, ಗೆರೆಗೆಲ್ಲ ತಕರಾರು ತೆಗೆದದ್ದು, ಮುಖ್ಯವಾದ ಜಾಗದಲ್ಲಿ ತೆಪ್ಪಗೆ ನಂಬಿಬಿಟ್ಟಿತು.

ಮುಂದೆ ಹೋದರೆ ಮಿರರ್, ಅಂದರೆ ಉಬುಂಟುವಿನ ಫೈಲುಗಳ ನಕಲು ಇಟ್ಟಿರುವ ಸರ್ವರ್, ಸಿಗಲಿಲ್ಲ. ಕೇಬಲ್ ಬದಲಿಸಿದೆ. ವೆಬ್‌ಸೈಟಿನ ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ನೇಮ್ ಸರ್ವರ್ ಜಾಗಕ್ಕೆ ಗೂಗಲ್ಲಿನ 8.8.8.8 ಹಾಕಿದೆ. ಸ್ವಿಚ್ಚಿನ ಧೂಳು ಊದಿ ನಾನೇ ಸೀನಿದೆ. ಎಲ್ಲ ಆಫ್ ಮಾಡಿ ಮೊದಲಿಂದ ಶುರು ಮಾಡಿದೆ. ಮುಕ್ಕಾಲು ಗಂಟೆ ಹೋಯಿತು. ದೊಡ್ಡಪ್ಪ ಕಾಫಿ ಹಿಡಿದು ಬಂದರು.

"ಎಂಥ ಮಾರಾಯ, ಇನ್ನೂ ಆಗ್ಲಿಲ್ವ?"

"ನೆಟ್ಟೇ ಸಿಗ್ತಿಲ್ಲ ದೊಡ್ಡಪ್ಪ."

"ಸಿಗೋದೆಲ್ಲಿಂದ? ಗುಡುಗ್ತಲ್ಲ ಆಗ್ಲೇ, ತೆಗ್ದಿಟ್ಟೆ."

ಒಣಗಿದ ಬಟ್ಟೆ ಒಳಗೆ ತಂದೆ ಅನ್ನುವ ದನಿಯಲ್ಲಿ ಹೇಳಿದರು.

ದೊಡ್ಡಪ್ಪನ ಈ ವ್ರತ ನನಗೆ ಗೊತ್ತಿಲ್ಲದ್ದಲ್ಲ, ಮರೆತಿದ್ದೆ ಅಷ್ಟೆ. ಆಗುಂಬೆ ಕಡೆ ಎಲ್ಲೋ ಗುಡುಗು ಹೊರಳಿದರೆ ಸಾಕು, ನಾವು ಅದು ಲಾರಿಯೋ ಗುಡುಗೋ ಅಂತ ಯೋಚಿಸುವಷ್ಟರಲ್ಲಿ ಅವರು ಎದ್ದಾಗಿರುತ್ತದೆ. ಮೊದಲು ರಬ್ಬರ್ ಚಪ್ಪಲಿ. ಆಮೇಲೆ ಸ್ಟೂಲು. ಜಗಲಿಯ ಗೂಡಿನಲ್ಲಿ ದೇವರ ಪಟದ ಪಕ್ಕ ಕೂತ ಮೋಡೆಮ್ಮಿನ ಪ್ಲಗ್ ಕಿತ್ತು, ವೈರನ್ನು ಹಗ್ಗದ ಹಾಗೆ ಸುತ್ತಿ, ಮೇಲೊಂದು ಟವೆಲ್ ಹೊದಿಸುತ್ತಾರೆ. ಆಮೇಲೆ ಟಿವಿ, ಫ್ರಿಜ್ಜು. ಮಿಕ್ಸಿಯನ್ನೂ ಬಿಡುವುದಿಲ್ಲ. ಒಂದು ಸಲ ಚಟ್ನಿ ಅರ್ಧ ರುಬ್ಬಿದಾಗ ಗುಡುಗಿ, ಎಲ್ಲರೂ ಅವತ್ತು ಕಾಯಿತುರಿಗೇ ದೋಸೆ ಅದ್ದಿಕೊಂಡು ತಿಂದೆವು. ಕೀಳುವುದಕ್ಕಾದರೂ ಒಂದು ಗುಡುಗು ಬೇಕು. ಮತ್ತೆ ಹಾಕುವುದಕ್ಕೆ ಶಾಸ್ತ್ರವೇ ಇಲ್ಲ, ಅವರ ಮನಸ್ಸಿಗೆ ಆಕಾಶ ತಿಳಿಯಾಗಬೇಕು.

ಪೂರ್ತಿ ಬೈಯುವ ಹಾಗೂ ಇಲ್ಲ. ಅಜ್ಜನ ಕಾಲದಲ್ಲಿ ಇದೇ ಜಗಲಿಯಲ್ಲಿ ರೇಡಿಯೊ ಇತ್ತು. ಗುಡುಗಿದರೆ ಅಜ್ಜ ಏರಿಯಲ್ ತಂತಿ ಬಿಚ್ಚುತ್ತಿದ್ದರು, ದೊಡ್ಡಪ್ಪ ಸ್ಟೂಲು ಹಿಡಿದು ನಿಲ್ಲುತ್ತಿದ್ದರಂತೆ. ರೇಡಿಯೊ ಹೋಗಿ ಫೋನು ಬಂತು. ಕೋಲ್ಮಿಂಚು ಹೊಡೆದಾಗ ಆ ಫೋನು ತಾನೇ ಟಿಣ್ ಅಂತ ಒಂದೇ ಸಲ ಅನ್ನುತ್ತಿತ್ತು, ನಾವು ಮಕ್ಕಳೆಲ್ಲ ಕಂಬಳಿಯೊಳಗೆ ಮುದುಡುತ್ತಿದ್ದೆವು. ಒಂದು ಮಳೆಗಾಲದಲ್ಲಿ ಅದು ಟಿಣ್ ಅಂದದ್ದೇ ಕೊನೆ. ಅದರ ಕರಕಲು ಗುರುತು ಗೋಡೆಯಲ್ಲಿ ಈಗಲೂ ಇದೆ. ಎರಡು ಸಲ ಸುಣ್ಣ ಬಳಿಸಿದರೂ ಅಷ್ಟು ಜಾಗ ಬಿಡಿಸಿದ್ದಾರೆ ದೊಡ್ಡಪ್ಪ, ಯಾಕೆ ಅಂತ ನಾನು ಕೇಳಿಲ್ಲ.

ಇರಲಿ. ಆಕಾಶ ತಿಳಿಯಾಯಿತು, ಪ್ಲಗ್ ಹಾಕಿದರು. ಆದರೂ ನೆಟ್ ಇಲ್ಲ! ಈಗ ನನಗೆ ನನ್ನ ಮೇಲೇ ಅನುಮಾನ ಶುರು. ಕೊನೆಗೆ ದೊಡ್ಡಪ್ಪನ ಫೋನು ಇಸಿದುಕೊಂಡು ವೈಫೈ ವಿವರ ನೋಡಿದರೆ, ಅದರ ವಿಳಾಸ 192.168.0.7. ಒಂದಲ್ಲ, ಸೊನ್ನೆ. ಕೇರಿಯೇ ಬೇರೆ.

"ದೊಡ್ಡಪ್ಪ, ಈ ಮೋಡೆಮ್..."

"ಹೊಸ್ದು ಕಣೋ. ಹಳೇದು ಹೋದ್ ತಿಂಗ್ಳು ಸಿಡ್ಲಿಗೆ ಹೋಯ್ತಲ್ಲ. ನಿಂಗೆ ಹೇಳ್ಲಿಲ್ವ?" ಒಂದು ಕ್ಷಣ ಬಿಟ್ಟು, "ಅವತ್ತು ನಾನು ಮನೇಲಿರ್ಲಿಲ್ಲ" ಅಂದರು. ಅದರಲ್ಲಿದ್ದ ಜಂಬ ನೋಡಬೇಕಿತ್ತು.

ಅಂದರೆ ನಾನು ಇಷ್ಟು ಹೊತ್ತು ಬೇರೆ ಯಾರದೋ ಮದುವೆಮನೆಯಲ್ಲಿ, ನನ್ನ ಎಲೆ ನಾನೇ ಹಾಕಿಕೊಂಡು, ಬಡಿಸುವವರಿಗೆ ಕಾಯುತ್ತಾ ಕೂತಿದ್ದೆ. ನೆಟ್‌ವರ್ಕಿನ ಪುಟಕ್ಕೆ ಹಿಂದೆ ಹೋಗಿ 1 ಇದ್ದಲ್ಲೆಲ್ಲ 0 ಮಾಡಿದೆ. ಗೇಟ್‌ವೇಯ ಕೊನೆಯ 1 ಕೂಡ ಆ ಭರದಲ್ಲಿ 0 ಆಯಿತು, ಅದಕ್ಕೆ ಮತ್ತೆ ಹತ್ತು ನಿಮಿಷ. ಎಂಟು ಗಂಟೆಗೆ ಎಲ್ಲ ಮುಗಿಯಿತು, ಶಿವಮೊಗ್ಗಕ್ಕೆ ವಾಪಸ್ ಬರುವ ಆಸೆಯೂ.

ಬೆಳಿಗ್ಗೆ ಹೊರಡುವಾಗ ನೋಡಿದೆ: ಮೋಡೆಮ್ಮಿನ ಗೂಡಿಗೆ ಒಂದು ಚೀಟಿ ಅಂಟಿದೆ, ಮಂಡಿಯ ಚೀಟಿಯ ಹಿಂಬದಿ. ದೊಡ್ಡಪ್ಪನ ದುಂಡು ಅಕ್ಷರದಲ್ಲಿ "ಗುಡುಗಿದರೆ ತೆಗೆಯುವುದು." ನಾನು ಪೆನ್ನು ತೆಗೆದು ಕೆಳಗೆ ಬರೆದೆ: "ತೆಗೆಯುವ ಮುಂಚೆ ನನಗೊಂದು ಫೋನ್ ಮಾಡುವುದು."

ನಿನ್ನೆ ಗುಮಾಸ್ತರು ಆ ಚೀಟಿಯ ಫೋಟೊ ಕಳಿಸಿದ್ದಾರೆ. ಅದರಡಿ ಇನ್ನೊಂದು ಸಾಲು ಸೇರಿದೆ: "ಮಾಡೋಣವೆಂದರೆ ಗುಡುಗುವಾಗ ನೆಟ್‌ವರ್ಕ್ ಇರುವುದಿಲ್ಲ."