ಬಣ್ಣ ಬಿಡಿ, ಬಾಲ ನೋಡಿ

ಇವತ್ತು ಗ್ರೂಪಿಗೆ ಮತ್ತೊಂದು ಹಕ್ಕಿ ಫೋಟೊ ಬಂತು. ಕುದುರೆಮುಖದ ಬಿಳಿ ಮೋಡ, ಅದರಲ್ಲೊಂದು ಮಸುಕು ಹಕ್ಕಿ, ಕೆಳಗೆ ‘ಇಂಡಿಯನ್ ಸ್ವಿಫ್ಟ್‌ಲೆಟ್, ಕನ್ಫರ್ಮ್ಡ್’. ಹೇಗೆ ಕನ್ಫರ್ಮ್ ಆಯ್ತು ಅಂತ ಯಾರೋ ಪಾಪ ಕೇಳಿದ್ದಕ್ಕೆ ಉತ್ತರ: ‘ಫುಲ್ ಬ್ರೌನ್ ಇದೆ ಸರ್.’

ಅದನ್ನೇ ಹೋಲೋ ಇನ್ನೊಂದು ಹಕ್ಕಿ, ಪಾಮ್ ಸ್ವಿಫ್ಟ್, ಏನು ಹಸಿರು ಇರುತ್ತಾ? ಅದೂ ಕಂದೇ. ಪಾಮ್ ಸ್ವಿಫ್ಟ್ ಸುಮಾರು 13 ಸೆಂ.ಮೀ., ಸ್ವಿಫ್ಟ್‌ಲೆಟ್ 12. ಆಕಾಶದಲ್ಲಿ ಆ ಒಂದು ಸೆಂಟಿಮೀಟರ್ ಅಳೆಯೋರು ಯಾರೂ ಹುಟ್ಟಿಲ್ಲ. ಬೆಳಕಿಗೆ ಎದುರಾಗಿ ಹಾರುವಾಗ ಎರಡೂ ಕಪ್ಪೇ. ಬೆಳಕು ಕೆಟ್ಟದಿದ್ದರೆ ಹೌಸ್ ಸ್ವಿಫ್ಟ್ ಅನ್ನೋ ಮೂರನೇ ಹಕ್ಕಿಯ ಬಿಳಿ ಸೊಂಟವೂ ಕಾಣಲ್ಲ, ಅದೂ ಈ ಗೊಂದಲಕ್ಕೆ ಬಂದು ಸೇರುತ್ತೆ.

ನೋಡಬೇಕಾದ್ದು ಆಕಾರ. ಪಾಮ್ ಸ್ವಿಫ್ಟ್‌ದು ಸಪೂರ ಮೈ, ಕಿರಿದಾದ ಉದ್ದ ರೆಕ್ಕೆ, ಉದ್ದ ಬಾಲ. ಬಾಲದ ಕವಲು ಆಳವಾಗಿದ್ದರೂ ನೇರ ಹಾರುವಾಗ ಮುಚ್ಚಿಕೊಂಡೇ ಇರುತ್ತೆ. ಬಿಲ್ಲಿಗೆ ಹೂಡಿದ ಬಾಣದ ಹಾಗೆ ಹಿಂದೆ ಚೂಪು. ರೆಕ್ಕೆಯ ಮುಂದೆ ಚಾಚಿದ ತಲೆಗಿಂತ ಹಿಂದೆ ಉಳಿದ ಭಾಗ ತುಂಬಾ ಉದ್ದ. ಸ್ವಿಫ್ಟ್‌ಲೆಟ್ ಅಷ್ಟು ಸಪೂರ ಅಲ್ಲ, ರೆಕ್ಕೆಯ ಬುಡ ಅಗಲ, ಬಾಲ ಗಿಡ್ಡ, ತುದಿಯಲ್ಲಿ ಸಣ್ಣ ಕಚ್ಚು ಅಷ್ಟೆ. ಹಾರಾಟದಲ್ಲಿ ಬಾವಲಿಯ ಪಟಪಟ ಇದೆ.

ಹಕ್ಕಿ ತಿರುವು ತಗೊಳ್ಳೋ ತನಕ ಕಾಯಿರಿ. ಆಗ ಬಾಲ ಬಿಚ್ಚುತ್ತೆ. ಪಾಮ್ ಸ್ವಿಫ್ಟ್‌ನ ಕವಲು ಬಾಯಿ ಬಿಡುತ್ತೆ, ಸ್ವಿಫ್ಟ್‌ಲೆಟ್‌ನ ಕಚ್ಚು ಹೆಚ್ಚುಕಡಿಮೆ ಮಾಯ. ಎಳೆಯ ಪಾಮ್ ಸ್ವಿಫ್ಟ್‌ಗೆ, ಬಾಲದ ಹೊರಗರಿ ಉದುರಿ ಹೊಸದು ಬೆಳೆಯುತ್ತಿರೋದಕ್ಕೆ ಬಾಲ ಮೋಟಾಗೇ ಇರುತ್ತೆ. ಆದ್ದರಿಂದ ಒಂದು ಹಕ್ಕಿ ಸಾಲದು, ಗುಂಪಿನಲ್ಲಿ ನಾಲ್ಕಾರು ನೋಡಿ.

ಇನ್ನು ಫೋಟೊ. ಶಟರ್ 1/2000 ಸೆಕೆಂಡಿಗಿಂತ ನಿಧಾನ ಬೇಡ, ಬಿಳಿ ಆಕಾಶಕ್ಕೆ +1ರಷ್ಟು ಎಕ್ಸ್‌ಪೋಷರ್ ಸಾಕು. ಬಣ್ಣ ಕಾಣಲಿ ಅಂತ ಮೊಬೈಲಲ್ಲಿ ಬ್ರೈಟ್‌ನೆಸ್ ಎಳೀತಾ ಹೋಗ್ತೀರಲ್ಲ, ಆಕಾಶದ ಬೆಳಕು ರೆಕ್ಕೆಯ ಅಂಚನ್ನೇ ತಿಂದುಹಾಕುತ್ತೆ. ದಪ್ಪ ರೆಕ್ಕೆ ತೆಳ್ಳಗಾಗುತ್ತೆ, ಸ್ವಿಫ್ಟ್‌ಲೆಟ್ ಪಾಮ್ ಸ್ವಿಫ್ಟ್ ಆಗುತ್ತೆ. ಶಟರ್ ನಿಧಾನ ಇದ್ದರೆ ಉಲ್ಟಾ: ಮೈ ಊದಿಕೊಳ್ಳುತ್ತೆ, ಕವಲು ಮುಚ್ಚಿಹೋಗುತ್ತೆ. ಅಂಥದ್ದಕ್ಕೆ ‘ಕನ್ಫರ್ಮ್ಡ್’! ಬಣ್ಣವೇ ಬೇಕು ಅಂದ್ರೆ ಗುಡ್ಡದ ಅಂಚಿಗೆ ಹೋಗಿ, ಹಕ್ಕಿ ಕಣ್ಣಿಗಿಂತ ಕೆಳಗೆ, ಕಾಡಿನ ಹಿನ್ನೆಲೆಯಲ್ಲಿ ಹಾರುವಾಗ ನೋಡಿ.

‘ಜಾಗ ನೋಡಿದ್ರೆ ಗೊತ್ತಾಗಲ್ವಾ, ಘಟ್ಟ ಅಂದ್ರೆ ಸ್ವಿಫ್ಟ್‌ಲೆಟ್, ತೆಂಗು-ತಾಳೆ ಅಂದ್ರೆ ಪಾಮ್ ಸ್ವಿಫ್ಟ್’ ಅಂತ ಒಬ್ಬರ ವಾದ. ಅರ್ಧ ಸರಿ. ಸ್ವಿಫ್ಟ್‌ಲೆಟ್ ಗೂಡು ಕಟ್ಟೋದು ಪಶ್ಚಿಮ ಘಟ್ಟದ, ಶ್ರೀಲಂಕಾದ ಗುಹೆಗಳಲ್ಲಿ, ಕರಾವಳಿಯಾಚೆಯ ಕಲ್ಲುದ್ವೀಪಗಳಲ್ಲಿ. ಪಾಮ್ ಸ್ವಿಫ್ಟ್ ತಾಳೆಗರಿಯ ಅಡಿಗೆ ಜೊಲ್ಲಿನಿಂದ ಗೂಡು ಅಂಟಿಸಿ, ಮೊಟ್ಟೆಯನ್ನೂ ಅಂಟಿಸಿಡುತ್ತೆ. ಆದರೆ ಹುಳು ಹಿಡಿಯೋಕೆ ಎರಡೂ ದೂರ ಹೋಗ್ತವೆ. ಘಟ್ಟದ ಬುಡದ ತೋಟಗಳ ಮೇಲೆ ಎರಡನ್ನೂ ಒಂದೇ ಆಕಾಶದಲ್ಲಿ ನೋಡಬಹುದು. ಜಾಗ ನೋಡಿ ಹೆಸರಿಡೋದಾದ್ರೆ ಬೈನಾಕ್ಯುಲರ್ ಯಾಕೆ, ನಕ್ಷೆ ಸಾಕಲ್ಲ.

ಕೂಗಿನಿಂದಲೂ ಒಂದು ಸಹಾಯ ಇದೆ. ಪಾಮ್ ಸ್ವಿಫ್ಟ್ ಹಾರುತ್ತಾ ಕೀಚಲು ದನಿಯಲ್ಲಿ ಟಿ-ಟಿ-ಟೀ ಅಂತ ಕಿರುಚುತ್ತೆ. ಸ್ವಿಫ್ಟ್‌ಲೆಟ್‌ನ ಹೆಸರುವಾಸಿ ಕಟಕಟ ಸದ್ದು ಗುಹೆಯ ಕತ್ತಲಲ್ಲಿ ದಾರಿ ಹುಡುಕೋಕೆ, ಪ್ರತಿಧ್ವನಿಗಾಗಿ. ಬಯಲಿನಲ್ಲಿ ಅದಕ್ಕೆ ಕಾದು ಕೂರಬೇಡಿ.

‘ಹವ್ಯಾಸ ತಾನೇ, ತಪ್ಪಾದ್ರೆ ಏನೀಗ?’ ಅಂತೀರಿ. ಸರಿ, ಮನೆಯ ಡೈರಿಯಲ್ಲಿ ಗರುಡ ಅಂತಲೇ ಬರ್ಕೊಳ್ಳಿ. ಹಕ್ಕಿ ದಾಖಲಿಸೋ ಜಾಲತಾಣ ಇ-ಬರ್ಡ್‌ಗೆ ಹಾಕಿದ್ದು ಮಾತ್ರ ನಕ್ಷೆಯಲ್ಲಿ ಚುಕ್ಕೆಯಾಗಿ ಕೂರುತ್ತೆ. ಜಾತಿ ಗೊತ್ತಾಗದಿದ್ದರೆ ಬರೀ ‘ಸ್ವಿಫ್ಟ್’ ಅಂತ ದಾಖಲಿಸೋ ಆಯ್ಕೆಯೂ ಅಲ್ಲೇ ಇದೆ. ಅದನ್ನು ಒತ್ತೋಕೆ ಯಾಕೋ ಎಲ್ಲರಿಗೂ ಅವಮಾನ.

ದಯವಿಟ್ಟು, ಇದನ್ನೋದಿ ‘ಗೂಡು ನೋಡಿ ಖಚಿತ ಮಾಡ್ಕೋತೀನಿ’ ಅಂತ ಗುಹೆಗೆ ಫ್ಲ್ಯಾಶ್ ಹಿಡ್ಕೊಂಡು ನುಗ್ಗಬೇಡಿ. ಮುಂದಿನ ಸಲ ಬಾಲ ಬಿಚ್ಚಿದ ಒಂದು ಫ್ರೇಮ್ ಹಾಕಿ. ಎಡಿಟ್ ಮಾಡದ್ದು.